ಕ್ರಕಚ ಮೀಮಾಂಸೆ: ಚೈನು–ಬಾರುಗಳ ಸಂಬಂಧ ನಿರ್ಣಯ

ಸಕಲೇಶಪುರ ಸೀಮೆಯ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಕೊಯ್ಯುವಾಗ ಚೈನ್ ಸಾದಿಂದ ಏಳುವ ಗರ್ಜನೆಯ ಬಗ್ಗೆ ನಮ್ಮ ವಿದ್ವಾಂಸರು ತಾಳಿರುವ ಮೌನ ಅಕ್ಷಮ್ಯ. ಆ ಕೊರತೆಯನ್ನು ನೀಗಿಸುವುದು ಈ ಪ್ರಬಂಧದ ಉದ್ದೇಶ. ಗೌರವ ಡಾಕ್ಟರೇಟು ಬಂದರೆ ಬೇಡವೆನ್ನುವುದಿಲ್ಲ.

ಈ ಶಾಸ್ತ್ರ ಅಪೌರುಷೇಯ. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬಾತ ಮರದ ಬೊಡ್ಡೆಯೊಳಗೆ ಹುಳುವೊಂದು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಸಲೀಸಾಗಿ ಕೊರೆಯುವುದನ್ನು ಕಂಡ. ಚೈನಿನ ಹಲ್ಲುಗಳನ್ನೂ ಹಾಗೆಯೇ ಎಡ-ಬಲಕ್ಕೆ ಬಾಗಿಸಿದ. ಇಂದಿನ ಚೈನುಗಳೆಲ್ಲ ಆ ಹುಳುವಿನ ಶಿಷ್ಯಸಂತತಿ. ಆದಿಗುರುವಿಗೆ ಪೇಟೆಂಟಿನಲ್ಲಿ ಪಾಲು ಸಿಕ್ಕಲಿಲ್ಲ.

ಇನ್ನು ಪೂರ್ವಪಕ್ಷ. "18 ಇಂಚಿನ ಬಾರಿಗೊಂದು ಚೈನು ಕೊಡಿ" ಎಂದು ಅಂಗಡಿಯಲ್ಲಿ ಕೇಳುವ ಸಮಸ್ತರೂ ದೀರ್ಘವಾದಿಗಳು. ಚೈನು ಸುತ್ತುವ ಪಟ್ಟಿಯಾದ ಬಾರು ಉದ್ದವಾದಷ್ಟೂ ಯಜಮಾನರ ಘನತೆ ಉದ್ದ ಎಂಬುದು ಇವರ ಉಪಸಿದ್ಧಾಂತ. ಸಣ್ಣ ಎಂಜಿನ್ನು ಅದನ್ನು ಎಳೆಯಲಾರದೆ ಏದುಸಿರು ಬಿಡುವುದನ್ನು ಮಾಯೆ ಎಂದು ತಳ್ಳಿಹಾಕುತ್ತಾರೆ.

ಖಂಡನೆ ಸುಲಭ. 0.325 ಇಂಚು ಪಿಚ್ಚಿನ 18 ಇಂಚಿನ ಬಾರೇ ಒಂದು ಕಂಪನಿಯದಾದರೆ 68 ಡ್ರೈವ್ ಲಿಂಕ್ ಬೇಡುತ್ತದೆ, ಇನ್ನೊಂದರದು 72. ಆದ್ದರಿಂದ ಉದ್ದ ಪ್ರಮಾಣವಲ್ಲ, ಎಣಿಕೆಯೇ ಪ್ರಮಾಣ. ಅದಕ್ಕೂ ಮೊದಲು ಪಿಚ್ ಕೂಡಬೇಕು. ಸಾಲಾಗಿ ಮೂರು ರಿವೆಟ್ಟುಗಳ ಅಂತರ ಅಳೆದು ಅರ್ಧ ಮಾಡಿದರೆ ಬರುವುದೇ ಅದು. ಇಲ್ಲಿ ನಾಮ-ರೂಪಗಳ ಗಹನ ಸಮಸ್ಯೆ ಎದುರಾಗುತ್ತದೆ: 3/8 ಎಂಬ ಹೆಸರಿನವು ಎರಡಿವೆ, ಒಂದು ಲೋ ಪ್ರೊಫೈಲು, ಇನ್ನೊಂದು ದೊಡ್ಡದು. ಒಂದರ ಸ್ಪ್ರಾಕೆಟ್ಟಿನ ಮೇಲೆ ಇನ್ನೊಂದು ಸರಿಯಾಗಿ ಕೂರದು. ಕಡೆಯದು ಗೇಜು, ಬಾರಿನ ಸಂದಿಗೆ ಇಳಿಯುವ ಡ್ರೈವ್ ಲಿಂಕಿನ ದಪ್ಪ. 1.6 ಮಿ.ಮೀ. ಚೈನು 1.5ರ ಸಂದಿಗೆ ಇಳಿಯದು. 1.5ರದು 1.6ರಲ್ಲಿ ಇಳಿಯುತ್ತದೆ, ಆದರೆ ಓಲಾಡುತ್ತ ಮರವನ್ನು ಸೊಟ್ಟಗೆ ಕೊಯ್ಯುತ್ತದೆ. ಜಾತಕದಲ್ಲಾದರೆ ಮೂವತ್ತಾರರಲ್ಲಿ ಹದಿನೆಂಟು ಗುಣ ಕೂಡಿದರೆ ಓಲಗ ಊದಿಸಬಹುದು. ಇಲ್ಲಿ ಮೂರಕ್ಕೆ ಮೂರೂ ಕೂಡಬೇಕು.

ಹಲ್ಲಿನ ವಿಷಯದಲ್ಲಿ ಎರಡು ಮಠಗಳು. ಫುಲ್ ಚಿಸೆಲ್ಲಿನವರು ಚೂಪು ಮೂಲೆಯ ಹಲ್ಲಿನಿಂದ ಶುಭ್ರವಾದ ಮರವನ್ನು ಬೇಗ ಕೊಯ್ಯುತ್ತಾರೆ, ಮಣ್ಣು ತಗುಲಿದೊಡನೆ ಮೊಂಡಾಗುತ್ತಾರೆ. ಸೆಮಿ ಚಿಸೆಲ್ಲಿನವರು ನಿಧಾನಿಗಳು, ಸಹಿಷ್ಣುಗಳು. ಮಣ್ಣು ಮೆತ್ತಿದ ಒಣ ಹಲಸನ್ನು ನೆನೆದು ಲೇಖಕ ಎರಡನೇ ಮಠಕ್ಕೆ ಅಡ್ಡಬಿದ್ದಿದ್ದಾನೆ. ಅಜ್ಜನ ಕಾಲದಲ್ಲಿ ಬೇಲಿಗೆಂದು ಬಡಿದ ಮುಳ್ಳುತಂತಿ ಮರದ ಹೊಟ್ಟೆಯೊಳಗೆ ಸಿಕ್ಕಿದರೆ ಮಾತ್ರ ಎರಡೂ ಮಠಗಳು ಒಂದೇ ಕ್ಷಣದಲ್ಲಿ ಮೌನಕ್ಕೆ ಶರಣು. ಆಮೇಲೆ ಅರವೇ ಗತಿ: 0.325ಕ್ಕೆ 4.8 ಮಿ.ಮೀ. ಗುಂಡು ಅರ, ಲೋ ಪ್ರೊಫೈಲಿಗೆ 4ರದು.

ಇಷ್ಟನ್ನೂ ಅಂಗಡಿಯಲ್ಲಿ ಮಂಡಿಸಿದಾಗ ಕೌಂಟರಿನ ಹುಡುಗ, "ಬಾರಿನ ಮೇಲೇ ಬರ್ದಿರ್ತಾರಲ್ಲ ಸಾರ್" ಎಂದ. ನಿಜ. ಬಾರಿನ ಬುಡದಲ್ಲಿ ಒಂದು ಶಾಸನವಿದೆ, ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟದಲ್ಲಿ ಅದು ಸೇರಿಲ್ಲ. ಎಣ್ಣೆ ಕುಡಿದ ಮರದ ಹೊಟ್ಟನ್ನು ಸೀಮೆಎಣ್ಣೆ ಅದ್ದಿದ ಹಳೇ ಬನಿಯನ್ನಿನಿಂದ ಉಜ್ಜಿ ಲೇಖಕ ಸಿದ್ಧಪಡಿಸಿದ ಪಾಠ ಹೀಗಿದೆ: ಪಿಚ್ 0.325, ಸ್ಪಷ್ಟ. ಲಿಂಕು 72, ಸ್ಪಷ್ಟ. ಗೇಜು 1 ಪಾಯಿಂಟ್... ಮುಂದಿನ ಅಂಕಿ ತ್ರುಟಿತ.