ಹಳೆಯ ಡೀಸೆಲ್ ಕಾರುಗಳಲ್ಲಿ ಅತಿವಾಯು ವಿಕಾರ: ಒಂದು ನಿದಾನ ಮೀಮಾಂಸೆ

ಮನುಷ್ಯನ ದೇಹದಲ್ಲಿ ವಾಯು ಕೆರಳಿದರೆ ಏನೇನಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಸಾಂಗೋಪಾಂಗವಾಗಿ ಬರೆದಿಟ್ಟು ಹೋಗಿದ್ದಾರೆ. ಹತ್ತು ಹನ್ನೆರಡು ವರ್ಷ ಓಡಿದ ಟರ್ಬೊ ಡೀಸೆಲ್ ಕಾರಿನಲ್ಲಿ ಅದೇ ವಾಯು ಕೆರಳಿದರೆ ಏನು ಗತಿ ಎಂಬ ಬಗ್ಗೆ ಮಾತ್ರ ಶಾಸ್ತ್ರಗಳು ಮೌನ ವಹಿಸಿವೆ. ಈ ಕೊರತೆಯನ್ನು ತುಂಬುವ ಸಲುವಾಗಿ, ಗ್ಯಾರೇಜುಗಳ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ಬೈಟು ಕಾಫಿಯ ನೆರವಿನಿಂದ ಪ್ರಸ್ತುತ ಅಧ್ಯಯನವನ್ನು ಕೈಗೊಳ್ಳಲಾಯಿತು.

ಮೊದಲು ಲಕ್ಷಣ. ಗಾಡಿ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದೆ. ಮುಂದೊಂದು ಟ್ಯಾಂಕರ್. ಹಿಂದಿಕ್ಕೋಣವೆಂದು ಮೂರನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಎಂದೂ ಇಲ್ಲದ ಹುರುಪಿನಿಂದ ಚಿಮ್ಮುತ್ತದೆ. ಮರುಕ್ಷಣ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ಎಳೆತ ನಿಲ್ಲುತ್ತದೆ, ಟ್ಯಾಂಕರು ಮತ್ತೆ ಮುಂದೆ. ಬದಿಗೆ ನಿಲ್ಲಿಸಿ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ, ಆಗಿದ್ದು ತನಗಲ್ಲ ಎಂಬ ಧಾಟಿಯಲ್ಲಿ ಓಡತೊಡಗುತ್ತದೆ. ಬಲ್ಲವರು ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ. ತಾನು ಕೇಳಿದ್ದಕ್ಕಿಂತ ಹೆಚ್ಚು ಗಾಳಿ ನುಗ್ಗುತ್ತಿದೆ ಎಂದು ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಅನ್ನಿಸಿದಾಗ ಅದು ಡೀಸೆಲ್ ಕಡಿತ ಮಾಡಿ ಎಂಜಿನ್ನನ್ನು ಪಥ್ಯಕ್ಕೆ ಹಾಕುತ್ತದೆ. ಸ್ಕ್ಯಾನರ್ ಸಿಕ್ಕಿಸಿದರೆ ‘ಪಿ 0234’ ಎಂಬ ಸೂತ್ರ ಹೊರಬರುತ್ತದೆ. ಎಲ್ಲ ಶಾಸ್ತ್ರಗಳಲ್ಲಿರುವಂತೆ ಇಲ್ಲೂ ಸೂತ್ರ ಚಿಕ್ಕದು, ಭಾಷ್ಯ ದೊಡ್ಡದು, ಬಿಲ್ಲು ಅದಕ್ಕಿಂತ ದೊಡ್ಡದು.

ಈ ವಿದ್ಯೆಯ ಪ್ರಾಚೀನತೆಯ ಬಗ್ಗೆ ಎರಡು ಮಾತು. ಎಂಜಿನ್ ಉಗುಳುವ ಹೊಗೆಯಿಂದಲೇ ಚಕ್ರ ತಿರುಗಿಸಿ ಅದೇ ಎಂಜಿನ್ನಿಗೆ ಗಾಳಿ ತುರುಕುವ ಯುಕ್ತಿಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಪೆಟ್ರೋಲ್ ಕಾರು ಟರ್ಬೊ ಸಮೇತ ಮಾರುಕಟ್ಟೆಗೆ ಬಂತು. ಅದಕ್ಕೆ ನೀರು ಮತ್ತು ಮೆಥನಾಲ್ ಬೆರೆಸಿದ ಕಷಾಯವೊಂದನ್ನು ಬೇರೆಯೇ ಟ್ಯಾಂಕಿನಲ್ಲಿ ತುಂಬಿಡಬೇಕಿತ್ತು. ಕಷಾಯ ಮುಗಿದರೆ ಕವಾಟವೊಂದು ತಾನಾಗಿ ಒತ್ತಡ ತಗ್ಗಿಸುತ್ತಿತ್ತು. ಮಾಲೀಕರು ಕಷಾಯ ಹಾಕುವುದನ್ನು ಮರೆತರು, ಗಾಡಿ ಎಳೆಯುವುದಿಲ್ಲವೆಂದು ದೂರಿದರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಿತ್ತು ಸಾಮಾನ್ಯ ಕಾರ್ಬುರೇಟರ್ ಕೂರಿಸಲಾಯಿತು. ಅರ್ಥವಾಗದ್ದನ್ನು ಬಿಚ್ಚಿ ಪಕ್ಕಕ್ಕಿಡುವ ಚಿಕಿತ್ಸಾ ಪರಂಪರೆಗೆ ಇವರೇ ಮೂಲಪುರುಷರೆಂಬುದು ಪ್ರಬಂಧಕಾರನ ನಮ್ರ ಅಭಿಮತ.

ಇನ್ನು ಪೂರ್ವಪಕ್ಷ. ಸೂತ್ರವಾದಿಗಳು ಕೋಡ್ ಅಳಿಸಿ ದಕ್ಷಿಣೆ ಪಡೆದು ಕಳಿಸುತ್ತಾರೆ. ಮಾಯಾವಾದಿಗಳಿಗೆ ದೀಪ ಮಿಥ್ಯೆ, ಗಾಡಿ ಸತ್ಯ: “ಏನೂ ಆಗಿಲ್ಲ ಸಾರ್, ಹಂಗೇ ಓಡ್ಸಿ.” ಬಹುಸಂಖ್ಯಾತರು ಬದಲೀವಾದಿಗಳು: “ಟರ್ಬೊ ಹೋಗಿದೆ ಸಾರ್, ಹೊಸದು ಹಾಕ್ಬಿಡೋಣ.” ಈ ವಾದವನ್ನು ಖಂಡಿಸಲು ಗ್ರಂಥಗಳೇನೂ ಬೇಕಿಲ್ಲ. ಹೋದ ಟರ್ಬೊ ಗಾಳಿಯನ್ನು ಕಡಿಮೆ ಕೊಡುತ್ತದೆ. ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತಿದೆಯೆಂದರೆ ಅದರ ಚಕ್ರ ಗಟ್ಟಿಮುಟ್ಟಾಗಿದೆ, ಅದನ್ನು ‘ಸಾಕು’ ಎಂದು ತಡೆಯಬೇಕಾದ ಯಾವುದೋ ಅಂಗ ಕೆಲಸ ಬಿಟ್ಟಿದೆ ಎಂದರ್ಥ. ಆದರೆ ಆ ಅಂಗ ಹಲವು ಸಲ ಗೇಣುದ್ದದ ರಬ್ಬರ್ ಹೋಸ್ ಆಗಿರುವುದರಿಂದಲೂ, ಹೋಸಿನಲ್ಲಿ ಲಾಭಾಂಶ ಅತ್ಯಲ್ಪವಾದ್ದರಿಂದಲೂ ಈ ಮತ ಪ್ರಚಾರಕ್ಕೆ ಬಂದಿಲ್ಲ.

ನಮ್ಮ ಸಿದ್ಧಾಂತವಾದರೋ, ರೋಗಿಗಿಂತ ಮೊದಲು ಸಾಕ್ಷಿಯನ್ನು ಪರೀಕ್ಷಿಸಬೇಕು. ಕೀ ಆನ್, ಎಂಜಿನ್ ಆಫ್. ಆಗ ಟರ್ಬೊ ತಿರುಗುತ್ತಿಲ್ಲ. ಮ್ಯಾನಿಫೋಲ್ಡಿನೊಳಗೆ ಇರುವುದು ಊರ ಗಾಳಿ ಮಾತ್ರ. ಅಲ್ಲಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರು ಅದನ್ನೇ ಹೇಳತಕ್ಕದ್ದು. ಮಂಗಳೂರಿನಲ್ಲಿ ಅದು ಸುಮಾರು 1.01 ಬಾರ್, ಸಮುದ್ರಮಟ್ಟದಿಂದ 900 ಮೀಟರಿಗೂ ತುಸು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 0.91. ನಿಂತ ಗಾಡಿಯಲ್ಲಿ 1.3 ಎಂದರೆ ಸಾಕ್ಷಿ ಸುಳ್ಳು. ಬಿಚ್ಚಿ ನೋಡಿದರೆ ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಕಡೆಯ ಮಸಿಯೂ ಆಯಿಲಿನ ಆವಿಯೂ ಕಲೆತ ಕಪ್ಪು ರಾಡಿ ಮೂತಿಗೆ ಮೆತ್ತಿಕೊಂಡು, ತೂತು ಎಲ್ಲಿದೆಯೆಂದೇ ತಿಳಿಯದ ಹಾಗಿರುವುದುಂಟು.

ಪಂಡಿತರೇ ಜಾರಿಬೀಳುವ ಜಾಗವೂ ಇದೇ. ಸ್ಕ್ಯಾನರಿನಲ್ಲಿ 2.2 ಬಾರ್ ನೋಡಿ ಹೌಹಾರಬಾರದು. ಅದರಲ್ಲಿ 0.91 ಬೆಂಗಳೂರು ಕೊಟ್ಟದ್ದು. ಟರ್ಬೊ ದುಡಿದದ್ದು 1.3ರಷ್ಟು. ಪಿತ್ರಾರ್ಜಿತಕ್ಕೂ ಸ್ವಯಾರ್ಜಿತಕ್ಕೂ ಇರುವ ಭೇದವನ್ನು ಕೋರ್ಟಿನವರೆಗೆ ಹೋಗಿ ಕಲಿತಿರುವ ನಮ್ಮವರಿಗೆ ಇದು ಕಠಿಣವಾಗಬಾರದು.

ಸೆನ್ಸರು ಸಾಚಾ ಎಂದಾದರೆ ಗೋತ್ರ ವಿಚಾರಿಸಬೇಕು. ಸ್ವಿಫ್ಟ್, ಪುಂಟೊ, ಇಂಡಿಕಾ ವಿಸ್ಟಾ ಎಂದು ಮೂರು ಮನೆ ಬೆಳಗಿದ ಫಿಯೆಟ್ಟಿನ 1.3 ಲೀಟರ್ ಮಲ್ಟಿಜೆಟ್‌ನಲ್ಲೇ ಎರಡು ಗೋತ್ರಗಳಿವೆ: 75 ಕುದುರೆಶಕ್ತಿಯದಕ್ಕೆ ಹೆಚ್ಚಿನ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು, ಅರ್ಥಾತ್ ವೇಸ್ಟ್‌ಗೇಟ್ ಇರುವ ಸಾದಾ ಟರ್ಬೊ, 90ರದಕ್ಕೆ ಒಳಗಿನ ರೆಕ್ಕೆ ಹೊರಳಿಸುವ ವಿಜಿಟಿ. ವೇಸ್ಟ್‌ಗೇಟಿನವರಲ್ಲಿ ಟರ್ಬೊದ ಒತ್ತಡವೇ ಸಣ್ಣ ಹೋಸಿನ ಮೂಲಕ ಆಕ್ಚುಯೇಟರಿಗೆ ಹೋಗಿ ಬಾಗಿಲು ತೆರೆಸುತ್ತದೆ. ಬಾನೆಟ್ಟಿನೊಳಗೆ ಸಂಸಾರ ಹೂಡಿದ ಇಲಿ ಆ ಹೋಸನ್ನು ಕಡಿದರೆ ಬಾಗಿಲು ತೆರೆಯುವುದಿಲ್ಲ, ವಾಯು ಏರುತ್ತದೆ. ಹಳೆಯ ವಿಜಿಟಿಗಳಲ್ಲಿ ಸಾಮಾನ್ಯವಾಗಿ ವ್ಯಾಕ್ಯೂಮ್ ಎಳೆದಾಗ ಒತ್ತಡ ಹೆಚ್ಚುತ್ತದೆ. ಅಲ್ಲಿ ಹೋಸ್ ಕಡಿದರೆ ವಾಯು ಇಳಿಯುತ್ತದೆ. ಅದೇ ಇಲಿ, ಅದೇ ಹಲ್ಲು, ಫಲ ಮಾತ್ರ ತದ್ವಿರುದ್ಧ. ಗೋತ್ರ ಕೇಳದೆ ವಾದಕ್ಕಿಳಿದ ಇಬ್ಬರು ಮೇಸ್ತ್ರಿಗಳು ಇಬ್ಬರೂ ಸರಿಯಾಗಿದ್ದುಕೊಂಡೇ ಮಾತು ಬಿಡುವ ಸಾಧ್ಯತೆ ಇದರಿಂದ ಸ್ಪಷ್ಟ.

ತರುವಾಯ, ಆಕ್ಚುಯೇಟರಿನಿಂದ ಬಾಗಿಲಿಗೋ ರೆಕ್ಕೆಗೋ ಹೋಗುವ ಸರಳಿನ ಪರೀಕ್ಷೆ. ಆಕ್ಚುಯೇಟರಿಗೆ ಕೈಪಂಪು ಹಚ್ಚಿದರೆ ಸರಳು ನುಣ್ಣಗೆ ಸರಿಯಬೇಕು, ಬಿಟ್ಟರೆ ಪೂರ್ತಿ ಮರಳಬೇಕು. ವಿಜಿಟಿಯಲ್ಲಿ ನಡುವೆ ತಡವರಿಸಿತೆಂದರೆ ರೆಕ್ಕೆಗಳಿಗೆ ಮಸಿ ಹಿಡಿದಿದೆ: ದಿನಾ ಸಿಲ್ಕ್ ಬೋರ್ಡಿನಲ್ಲಿ ಒಂದನೇ ಗೇರಿನಲ್ಲಿ ತೆವಳಿದ್ದರ ಫಲಶ್ರುತಿ. ಎಳೆಯ ಮಸಿಯಾದರೆ ಹೆದ್ದಾರಿಯಲ್ಲಿ ಚೆನ್ನಾಗಿ ಎಳೆಸಿದಾಗ ಉದುರುವುದುಂಟು. ಬಲಿತದ್ದಕ್ಕೆ ಬಿಚ್ಚಿ ತೊಳೆಯುವುದೇ ಗತಿ.

ವೇಸ್ಟ್‌ಗೇಟಿನವರಾದರೆ ಸರಳಿನ ತುದಿಯ ಲಾಕ್ ನಟ್ಟನ್ನು ಶಾಸನತಜ್ಞರ ತಾಳ್ಮೆಯಿಂದ ಓದಬೇಕು. ಕಾರ್ಖಾನೆಯವರು ಇಟ್ಟ ಬಣ್ಣದ ಬೊಟ್ಟು ಬಿರುಕು ಬಿಟ್ಟು, ತುಕ್ಕಿನ ನಡುವೆ ನಟ್ಟಿನ ಮೂಲೆಗಳಷ್ಟೇ ಬೆಳ್ಳಗೆ ಹೊಳೆಯುತ್ತಿವೆಯೆ? ಹಾಗಿದ್ದರೆ ಹಿಂದಿನ ದೊರೆಯ ಆಳ್ವಿಕೆಯಲ್ಲಿ ಯಾರೋ ಸರಳನ್ನು ಗಿಡ್ಡ ಮಾಡಿದ್ದಾರೆ. ಗಿಡ್ಡವಾದಷ್ಟೂ ಬಾಗಿಲು ತಡವಾಗಿ ತೆರೆಯುತ್ತದೆ, ಪಿಕಪ್ ಏರುತ್ತದೆ, ಗಾಡಿ ‘ಸಿಂಗಲ್ ಓನರ್, ಸೂಪರ್ ಪುಲ್ಲಿಂಗ್’ ಎಂಬ ಬಿರುದಿನೊಡನೆ ಮಾರಾಟವಾಗುತ್ತದೆ. ನಟ್ಟು ಅಕ್ಷತವಾಗಿದ್ದೂ ಒತ್ತಡ ಏರುತ್ತಿದ್ದರೆ ಸ್ಕ್ಯಾನರಿನಲ್ಲಿ ‘ಕೇಳಿದ್ದು’ ಮತ್ತು ‘ಸಿಕ್ಕಿದ್ದು’ ಎರಡನ್ನೂ ಒಟ್ಟಿಗೆ ನೋಡಬೇಕು. ಕೇಳಿದ್ದೇ ದುರಾಸೆಯ ಅಂಕಿಯಾಗಿದ್ದರೆ ಯಾರೋ ರೀಮ್ಯಾಪ್ ಮಾಡಿಸಿದ್ದಾರೆ. ಕೇಳಿದ್ದು ಮಿತವಾಗಿದ್ದು, ಸಿಕ್ಕಿದ್ದು ಆರ್‌ಪಿಎಮ್ ಜೊತೆ ಏರುತ್ತಲೇ ಹೋದರೆ ಬಾಗಿಲೇ ತುಕ್ಕು ಹಿಡಿದು ಕಚ್ಚಿಕೊಂಡಿರಬೇಕು.

ಚಿಕಿತ್ಸೋತ್ತರ ಸ್ಥಿತಿಯನ್ನು ದಾಖಲಿಸದೆ ಅಧ್ಯಯನ ಪೂರ್ಣವಾಗದು. ಸರಳು ತನ್ನ ಮೂಲ ಅಳತೆಗೆ ಮರಳಿದೆ, ದೀಪ ಆರಿದೆ, ಘಾಟಿಯಲ್ಲಿ ಗಾಡಿ ಕೈಕೊಡುವುದಿಲ್ಲ. ಮಾಲೀಕರು ಒಂದು ಸುತ್ತು ಓಡಿಸಿ ಬಂದು ಬಾಗಿಲು ತೆರೆಯುತ್ತಾರೆ. ಮುಖದಲ್ಲಿ ಕಳೆ ಇಲ್ಲ.

“ಎಲ್ಲಾ ಸರಿ ಇದೆ ಕಣಪ್ಪಾ. ಆದ್ರೆ ಮೊದಲಿನ ಪಿಕಪ್ಪೇ ಇಲ್ವಲ್ಲ?”

“ಅರ್ಧ ಸುತ್ತು ಸಾಕಾ ಸಾರ್?” ಎನ್ನುತ್ತ ಮೇಸ್ತ್ರಿ ಹತ್ತರ ಸ್ಪ್ಯಾನರ್ ಹುಡುಕುತ್ತಾನೆ.