ಎಷ್ಟು ಗಂಟೆಗೆ?

ಶಿವಾಜಿನಗರಕ್ಕೆ ಹೊರಟಿದ್ದೇನೆ ಎಂದರೆ ಬೆಂಗಳೂರಿನಲ್ಲಿ ಯಾರೂ ಅದನ್ನು ಪ್ರವಾಸವೆಂದು ಒಪ್ಪುವುದಿಲ್ಲ. ‘ರಸೆಲ್ ಮಾರ್ಕೆಟ್ಟಿಗಾ? ಬರ್ತಾ ಒಂದು ಕೇಜಿ ಖರ್ಜೂರ ತಂದುಬಿಡಿ’ ಎಂದು ಪಕ್ಕದ ಮನೆಯವರು ಚೀಲ ಹಿಡಿದು ಬರುತ್ತಾರೆ. ಹೊರಟಿರುವುದು ಪುಣೆಯ ಶಿವಾಜಿನಗರಕ್ಕೆ ಎಂದು ಬಿಡಿಸಿ ಹೇಳಿದಾಗ ಚೀಲ ಒಳಗೆ ಹೋಗಿ ಪಟ್ಟಿ ಹೊರಗೆ ಬರುತ್ತದೆ. ಪುಣೆಯಲ್ಲಿ ಓದಿದ ಮಗನೋ, ಅಲ್ಲಿ ಕೆಲಸದಲ್ಲಿರುವ ಸೊಸೆಯೋ ಈಗ ಎಲ್ಲರ ಮನೆಯಲ್ಲೂ ಇದ್ದಾರೆ. ಚಿತಳೆಯವರ ಬಾಕರವಡಿ, ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತು, ಸದಾಶಿವ ಪೇಟೆಯ ಸುಜಾತಾದ ಐಸ್‌ಕ್ರೀಮು ಮೇಲಿಟ್ಟ ಮಸ್ತಾನಿ... ಪಟ್ಟಿ ಓದಿದರೇ ಅರ್ಧ ಹೊಟ್ಟೆ ತುಂಬುತ್ತದೆ. ಆದರೆ ಅದರಲ್ಲಿದ್ದ ಮುಕ್ಕಾಲು ಅಂಗಡಿಗಳು ಮುಠಾ ನದಿಯ ಆಚೆ ದಡದಲ್ಲಿ. ನಾನೂ ಮನೆಯಾಕೆಯೂ ಇಳಿದುಕೊಂಡದ್ದು ಈಚೆ ದಡದಲ್ಲಿ.

ಹಾಗಾಗಿ ಊರಿನವರನ್ನೇ ಕೇಳಬೇಕಾಯಿತು. ಕೇಳುವುದು ಸುಲಭ, ಯಾರನ್ನು ಕೇಳುವುದೆಂಬುದು ಕಷ್ಟ. ಲಾಡ್ಜಿನ ಕೌಂಟರಿನವನನ್ನು ಕೇಳಿದರೆ ಕೆಳಗಿನ ಮಹಡಿಯಲ್ಲಿರುವ ಲಾಡ್ಜಿನ ರೆಸ್ಟೋರೆಂಟಿನತ್ತಲೇ ಬೆರಳು ತೋರಿಸುತ್ತಾನೆ. ಆಟೋದವನು ನಮ್ಮ ಬಟ್ಟೆ ನೋಡಿ, ಇವರಿಗೆ ಏಸಿ ಇಲ್ಲದೆ ಅನ್ನ ಇಳಿಯುವುದಿಲ್ಲ ಎಂದು ತೀರ್ಮಾನಿಸಿ, ತಾನು ಜನ್ಮದಲ್ಲಿ ಕಾಲಿಡದ ಜಾಗಕ್ಕೆ ಕರೆದೊಯ್ಯುತ್ತಾನೆ. ಕಾಲೇಜು ಹುಡುಗರನ್ನು ಕೇಳಿದರೆ ಪಿಜ್ಜಾ ಸಿಗುತ್ತದೆ. ಊರಿನ ರುಚಿ ಗೊತ್ತಿರುವುದು ನಿವೃತ್ತರಿಗೆ. ಅವರು ಅಲ್ಲೇ ನಲವತ್ತು ವರ್ಷ ತಿಂದಿರುತ್ತಾರೆ, ಈಗ ಡಾಕ್ಟರು ಬೇಡ ಎಂದಿರುತ್ತಾರೆ. ತಿನ್ನಲಾರದವರು ತಿಂಡಿಯ ಬಗ್ಗೆ ಸುಳ್ಳು ಹೇಳುವುದಿಲ್ಲ. ನಿವೃತ್ತರಿಗೆ ಪುಣೆಯಲ್ಲಿ ಬರವೂ ಇಲ್ಲ. ಪಿಂಚಣಿದಾರರ ಸ್ವರ್ಗ ಎಂಬ ಬಿರುದನ್ನು ಬೆಂಗಳೂರಿನ ಜೊತೆ ಹಂಚಿಕೊಂಡಿದ್ದ ಊರದು.

ಜಂಗ್ಲಿ ಮಹಾರಾಜ್ ರಸ್ತೆಯ ಸಂಭಾಜಿ ಉದ್ಯಾನದಲ್ಲಿ ಮಂಕಿಕ್ಯಾಪು, ಬಿಳಿ ಶೂ ಧರಿಸಿ ನಡೆಯುತ್ತಿದ್ದ ಹಿರಿಯರೊಬ್ಬರನ್ನು ನನ್ನ ಹರಕು ಮರಾಠಿಯಲ್ಲಿ ಕೇಳಿದೆ: ‘ಕಾಕಾ, ಇಲ್ಲಿ ತಿನ್ನೋಕೆ ಒಳ್ಳೇ ಜಾಗ ಯಾವುದು?’ ಅವರು ನಡಿಗೆ ನಿಲ್ಲಿಸಿ ತಿರುಗಿ ಕೇಳಿದರು: ‘ಕಿತೀ ವಾಜತಾ?’ ಎಷ್ಟು ಗಂಟೆಗೆ?

ಪುಣೆಯವರು ಉತ್ತರ ಕೊಡುವ ಮೊದಲು ಪ್ರಶ್ನೆಯನ್ನು ತಿದ್ದುತ್ತಾರೆಂದು ಕೇಳಿದ್ದೆ. ಈ ತಿದ್ದುಪಡಿ ಮಾತ್ರ ಲಕ್ಷ ರೂಪಾಯಿಯದು. ಮಿಸಳ್ ಬೇಕಾದರೆ ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನವಾದರೆ ತಳದ ಸಾರು ಸಿಗುತ್ತದೆ. ಬನ್ ಮಸ್ಕಾ ಚಹಾದ ಹೊತ್ತಿಗೆ. ಮಸ್ತಾನಿ ಬಿಸಿಲು ಇಳಿಯುವಾಗ. ಹೀಗೆ ಒಂದು ಇಡೀ ದಿನದ ವೇಳಾಪಟ್ಟಿಯನ್ನೇ ಹೇಳಿದರು. ಅಂಗಡಿಗಳ ಹೆಸರನ್ನು ಕೊನೆಯಲ್ಲಿ, ನೆನಪಾದಷ್ಟು ಸೇರಿಸಿದರು.

ಮೊಳಕೆ ಕಾಳಿನ ಉಸಳಿ, ಅವಲಕ್ಕಿ, ಮೇಲೆ ಫರಸಾಣ್, ಈರುಳ್ಳಿ, ನಿಂಬೆಹೋಳು: ಪುಣೆಯ ಮಿಸಳ್ ಎಂದರೆ ಇಷ್ಟು. ಅದರ ಮೇಲೆ ಸುರಿದುಕೊಳ್ಳುವ ಕೆಂಪು ಸಾರಿಗೆ ಅಲ್ಲಿಯವರು ‘ಸ್ಯಾಂಪಲ್’ ಎನ್ನುತ್ತಾರೆ. ನಮ್ಮಲ್ಲಿ ಸ್ಯಾಂಪಲ್ ಎಂದರೆ ಬಿಟ್ಟಿ, ಚೂರೇ ಚೂರು. ಅಲ್ಲಿ ತಟ್ಟೆ ಮುಳುಗುವಷ್ಟು. ಅವರು ಹೇಳಿದಂತೆ ಬೆಳಿಗ್ಗೆಯೇ ಹೋದೆವು. ಮನೆಯಾಕೆ ಒಂದು ಚಮಚ ಬಾಯಿಗಿಟ್ಟು, ಕಣ್ಣೊರೆಸಿಕೊಂಡು, ‘ಇನ್ನೊಂದು ಸ್ಯಾಂಪಲ್ ಹೇಳಿ’ ಎಂದಳು. ಎಂಟು ಗಂಟೆಗೇ ಜನ ನಿಂತುಕೊಂಡು ತಿನ್ನುತ್ತಿದ್ದರು. ಕಾಕಾ ಹೇಳಿದ್ದು ನಿಜ.

ಮಧ್ಯಾಹ್ನ ಒಂದರಿಂದ ನಾಲ್ಕು ಪುಣೆಯ ನಿದ್ರಾಕಾಲ. ಚಿತಳೆಯವರ ಅಂಗಡಿ ಆ ಹೊತ್ತಿನಲ್ಲಿ ಬಾಗಿಲು ಹಾಕುತ್ತಿತ್ತೆಂಬುದು ಮಹಾರಾಷ್ಟ್ರಕ್ಕೇ ಗೊತ್ತಿರುವ ನಗೆಮಾತು. ಈಚಿನ ವರ್ಷಗಳಲ್ಲಿ ಅವರು ಮಧ್ಯಾಹ್ನವೂ ತೆರೆದಿಡುತ್ತಾರೆ. ಅಂಗಡಿ ಬದಲಾಯಿತು, ನಗೆಮಾತು ಬದಲಾಗಲಿಲ್ಲ. ಗೇಟುಗಳ ಮೇಲೆ ಈ ಹೊತ್ತಿನಲ್ಲಿ ಗಂಟೆ ಒತ್ತಬಾರದೆಂದು ಎಚ್ಚರಿಸುವ, ಪುಣೇರಿ ಪಾಟಿ ಎಂದೇ ಹೆಸರಾದ ಫಲಕಗಳು. ಅವುಗಳ ಮರ್ಯಾದೆಯಲ್ಲೇ ಒಂದು ಗುದ್ದು ಇರುತ್ತದೆ.

ಊರು ಮಲಗಿದ ಆ ಹೊತ್ತಿಗೆ ನಾವು ಪಾತಾಳೇಶ್ವರಕ್ಕೆ ಹೋದೆವು. ಅದೇ ಜಂಗ್ಲಿ ಮಹಾರಾಜ್ ರಸ್ತೆಯ ಗದ್ದಲದಿಂದ ನಾಲ್ಕು ಮೆಟ್ಟಿಲು ಇಳಿದರೆ 8ನೇ ಶತಮಾನದ ಗುಹಾಲಯ. ಕಪ್ಪು ಬಂಡೆಯನ್ನು ಕೊರೆದು ಮಾಡಿದ್ದು. ಎದುರಿಗೆ ಅದೇ ಬಂಡೆಯಲ್ಲಿ ಕಡೆದ ದುಂಡನೆಯ ನಂದಿಮಂಟಪ, ಪುಣೆಯವರು ತಲೆಯ ಮೇಲೆ ಛತ್ರಿ ಹಿಡಿದುಕೊಂಡೇ ನಂದಿಯನ್ನು ಕೂರಿಸಿದ ಹಾಗೆ. ಕಾಲ ರಾಷ್ಟ್ರಕೂಟರದು. ಮುಂದೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದರಲ್ಲ, ಅವರೇ. ಎಲ್ಲೋರದ ಕೈಲಾಸವೂ ಅವರದೇ. ಇಲ್ಲಿ ಮಾತ್ರ ಕೆಲಸ ಪೂರ್ತಿಯಾಗಲಿಲ್ಲ. ಒಳಗೆ ಫ್ಯಾನಿಲ್ಲದ ತಂಪು. ಊಟದ ನಂತರ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಸ್ಮಾರಕ ನಾನು ಕಂಡಿಲ್ಲ.

ಹೊರಗೆ ಬಂದರೆ ಇನ್ನೊಂದು ಸ್ಮಾರಕ, ಆ ರಸ್ತೆಯೇ. 1976ರಲ್ಲಿ ಹತ್ತು ವರ್ಷ ಗುಂಡಿ ಬೀಳುವುದಿಲ್ಲವೆಂಬ ಖಾತರಿಯ ಮೇಲೆ ಕಟ್ಟಿದ ಈ ರಸ್ತೆ ದಶಕಗಟ್ಟಲೆ ಗುಂಡಿ ಬೀಳದೆ ಉಳಿದು ಹೆಸರಾಯಿತು. ಬೆಂಗಳೂರಿನವರು ಚಪ್ಪಲಿ ಬಿಟ್ಟು ನಡೆಯಬೇಕಾದ ಜಾಗ. ನಾನು ಎರಡು ಸಲ ದಾಟಿದೆ, ಕೆಲಸವಿಲ್ಲದಿದ್ದರೂ.

ಶಿವಾಜಿನಗರದಲ್ಲಿ ವಿಳಾಸ ಕೇಳುವುದೂ ಒಂದು ಪ್ರವಾಸ. ಆಟೋದವನು ‘ಶಿಮ್ಲಾ ಆಫೀಸ್ ಮೇಲಿಂದ ಹೋಗೋಣ’ ಎಂದಾಗ ಮನೆಯಾಕೆ ಶಾಲು ಎಳೆದುಕೊಂಡಳು. ಹವಾಮಾನ ಇಲಾಖೆಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂತು. ಅದರ ಜೊತೆ ಹೆಸರೂ ಬಂತು, ಚಳಿ ಬರಲಿಲ್ಲ.

ಸಂಜೆ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಜಗಳ. ಕಾಕಾ ಒತ್ತಿ ಹೇಳಿದ್ದ ಹೆಸರು ‘ವೈಶಾಲಿ’. ಹೊರಗೆ ಸಾಲು ನಿಂತಿತ್ತು. ಒಳಗಿನಿಂದ ಇಡ್ಲಿ, ದೋಸೆಯ ಪರಿಮಳ. ‘ಆರು ನೂರು ಚಿಲ್ಲರೆ ಮೈಲಿ ದಾಟಿ ಬಂದು ಇಡ್ಲಿ ತಿನ್ನೋದಾದರೆ ಮನೇಲೇ ಹಿಟ್ಟು ರುಬ್ಬುತ್ತಿರಲಿಲ್ಲವೇ?’ ಎಂದಳು ಮನೆಯಾಕೆ. ಮೈಲಿಯಲ್ಲ, ಅದು ಸುಮಾರು ಎಂಟುನೂರು ಕಿಲೋಮೀಟರು ಎಂದು ನಾನು ತಿದ್ದಿದ್ದರಿಂದ ಜಗಳ ಇನ್ನಷ್ಟು ಬೆಳೆಯಿತು. ಅಷ್ಟರಲ್ಲಿ ಸಾಲಿನಲ್ಲಿ ನಮ್ಮ ಸರದಿ ಬಂತು.

ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿದ ಹೋಟೆಲು ಅದು. ಈಗಿನ ವೈಶಾಲಿಗೆ ಮೊದಲಿದ್ದ ಹೆಸರು ಮದ್ರಾಸ್ ಹೆಲ್ತ್ ಹೋಮ್. ಅದೇ ರಸ್ತೆಯ ಅವರ ರೂಪಾಲಿ ಮೊದಲು ಕೆಫೆ ಮದ್ರಾಸ್. ದಕ್ಷಿಣದಿಂದ ಯಾರೇ ಬಂದರೂ ಮದ್ರಾಸಿ ಎನ್ನುತ್ತಿದ್ದ ಕಾಲದಲ್ಲಿ ಶೆಟ್ಟರು ಫಲಕದಲ್ಲಿ ಮದ್ರಾಸನ್ನು ಇಟ್ಟುಕೊಂಡು ಒಲೆಯ ಮೇಲೆ ಉಡುಪಿಯನ್ನು ಇಟ್ಟರು. ಶೆಟ್ಟರು 2023ರ ನವೆಂಬರಿನಲ್ಲಿ 91ನೇ ವಯಸ್ಸಿನಲ್ಲಿ ತೀರಿಕೊಂಡಾಗ, ತಮ್ಮ ಕಾಲೇಜು ದಿನಗಳೆಲ್ಲ ಆ ಮೇಜುಗಳ ಮೇಲೆಯೇ ಕಳೆದವೆಂದು ಪುಣೆಯ ಎಷ್ಟೋ ಮಂದಿ ನೆನೆದರು. ಅಲ್ಲಿಯ ಹೆಸರುವಾಸಿ ತಿಂಡಿ ಎಸ್‌ಪಿಡಿಪಿ. ಸೇವ್, ಆಲೂಗಡ್ಡೆ, ಮೊಸರು, ಪೂರಿ. ಅದು ಉಡುಪಿಯದೂ ಅಲ್ಲ, ಮದ್ರಾಸಿನದೂ ಅಲ್ಲ, ಅಪ್ಪಟ ಪುಣೆಯದು. ಮನೆಯಾಕೆ ಅದನ್ನು ತರಿಸಿದಳು, ನಾನು ದೋಸೆ. ಕೊನೆಗೆ ಅವಳು ನನ್ನ ದೋಸೆಯಲ್ಲಿ ಅರ್ಧ ತಿಂದಳು.

ಹಾಗೆ ನೋಡಿದರೆ ಈ ಬಡಾವಣೆಗೆ ನಮ್ಮವರ ಓಡಾಟ ಹೊಸದೇನಲ್ಲ. ವಿಶ್ವೇಶ್ವರಯ್ಯನವರು 1883ರಲ್ಲಿ ಎಂಜಿನಿಯರಿಂಗ್ ಮುಗಿಸಿದ ಕಾಲೇಜು ಇಲ್ಲೇ ನದಿ ಸಂಗಮದ ಬಳಿ. ಬೇಂದ್ರೆಯವರು ಓದಿದ ಫರ್ಗ್ಯುಸನ್ ಇದೇ ರಸ್ತೆಯಲ್ಲಿ. ರಸ್ತೆಯ ತುದಿಯಲ್ಲಿ 1935ರ ಇರಾನಿ ಹೋಟೆಲು ಗುಡ್‌ಲಕ್. ಅಲ್ಲಿಯ ಬನ್ ಮಸ್ಕಾ ಪುಣೆಯದೋ ಇರಾನಿನದೋ ಎಂದು ಚಹಾದಲ್ಲಿ ಅದ್ದಿ ತಿನ್ನುವವರು ಯಾರೂ ವಿಚಾರಿಸುವುದಿಲ್ಲ. ಊರಿನವರು ಊರಿನ ಹೊತ್ತಿಗೆ ಬಂದು ಕೂತು, ಹುಡುಗ ಕೇಳುವ ಮೊದಲೇ ಅವರ ತಿಂಡಿ ಮೇಜಿಗೆ ಬರುವ ಜಾಗ ಆ ಊರಿನದು. ಅಡುಗೆ ಮಾಡಿದವನ ಜಿಲ್ಲೆ ಯಾವುದಾದರೇನು?

ಆದ್ದರಿಂದ ಪುಣೆಗೆ ಹೊರಟವರು ಪಟ್ಟಿ ಒಯ್ಯಲಿ, ಬೇಡವೆನ್ನುವುದಿಲ್ಲ. ಅದರ ಪಕ್ಕದಲ್ಲಿ ಗಂಟೆಗಳನ್ನೂ ಬರೆದುಕೊಳ್ಳಿ. ಮಿಸಳ್‌ಗಾಗಿ ಬೇಗ ಏಳಿ, ಬಿಸಿಲಿನಲ್ಲಿ ಪಾತಾಳಕ್ಕಿಳಿಯಿರಿ, ವೈಶಾಲಿಯ ಸಾಲಿನಲ್ಲಿ ಜಗಳವಾಡದೆ ನಿಲ್ಲಿ. ಒಂದರಿಂದ ನಾಲ್ಕರವರೆಗೆ ಮಾತ್ರ, ಎಷ್ಟೇ ಹತ್ತಿರದ ನೆಂಟರಾದರೂ, ಯಾರ ಮನೆಯ ಗಂಟೆಯನ್ನೂ ಒತ್ತಬೇಡಿ.