ಕರ್ನಾಕಿನ ಭಾವ, ವೇಣೂರಿನ ಮಾವ

ವೇಣೂರಿನವರು ಗೊಮ್ಮಟನನ್ನು ನೋಡುವುದು ಎರಡೇ ಸಂದರ್ಭದಲ್ಲಿ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ಬಂದಾಗ, ಇಲ್ಲವೇ ಮನೆಗೆ ನೆಂಟರು ಬಂದಾಗ. ಅಭಿಷೇಕ 2024ರಲ್ಲಿ ಮುಗಿದಿತ್ತು. ಹಾಗಾಗಿ ಈ ಸಲ ಮಾವನನ್ನು ಅಂಗಡಿಯ ಗಲ್ಲಾದಿಂದ ಎಬ್ಬಿಸಿದವರು ನೆಂಟರೇ.

ನೆಂಟರೆಂದರೆ ದುಬೈಯ ತಂಗಿ, ಭಾವ, ಹತ್ತು ವರ್ಷದ ಅಳಿಯ. ಊರಿಗೆ ಬರುವ ಮೊದಲು ಅವರು ಒಂದು ವಾರ ಈಜಿಪ್ಟ್ ಸುತ್ತಿ ಬಂದಿದ್ದರು. ಭಾವನ ಫೋನಿನಲ್ಲಿದ್ದ ದೇವಸ್ಥಾನಗಳು ಮುಗಿಯುವ ಮೊದಲೇ ಅತ್ತೆಯ ನೀರುದೋಸೆ ಹಿಟ್ಟು ಮುಗಿಯಿತು.

"ಇದು ಅಬು ಸಿಂಬೆಲ್. ವರ್ಷಕ್ಕೆ ಎರಡೇ ದಿನ, ಫೆಬ್ರವರಿ 22 ಮತ್ತು ಅಕ್ಟೋಬರ್ 22, ಬೆಳಗಿನ ಬಿಸಿಲು ಸೀದಾ ಗರ್ಭಗುಡಿಗೆ ಬೀಳ್ತದೆ. ಒಳಗಿನ ನಾಲ್ಕು ಮೂರ್ತಿಗಳಲ್ಲಿ ಮೂರಕ್ಕೆ ಬೆಳಕು, ಒಂದಕ್ಕೆ ಮಾತ್ರ ಇಲ್ಲ."

"ಫೆಬ್ರವರಿ 22ಕ್ಕೇ ನಮ್ಮಲ್ಲೂ ಅಭಿಷೇಕ ಶುರುವಾದದ್ದು ಭಾವ," ಎಂದರು ಮಾವ. "ಬಿಸಿಲಿಗೆ ಮಾತ್ರ ನಮ್ಮ ಗೊಮ್ಮಟ ಎರಡು ದಿನ ಕಾಯ್ಲಿಕ್ಕಿಲ್ಲ. ತಲೆಯ ಮೇಲೆ ಸೂರೇ ಇಲ್ಲವಲ್ಲ!"

ಮರುದಿನ ಹನ್ನೊಂದು ಗಂಟೆಗೆ ಹೊರಟರು. ಅದೇ ತಪ್ಪು. ಈಜಿಪ್ಟಿನ ಕರ್ನಾಕ್ ದೇವಸ್ಥಾನದಲ್ಲಿ ಬೂಟು ಹಾಕಿಕೊಂಡೇ ತಿರುಗಬಹುದು. ಇಲ್ಲಿ ಚಪ್ಪಲಿ ಬಿಡಬೇಕು. ಕಾದ ಕಲ್ಲಿನ ಮೇಲೆ ಭಾವ ಒಂದೊಂದೇ ಕಾಲೆತ್ತಿ ಕುಣಿಯುತ್ತಿದ್ದರೆ, ಎದುರಿಗೆ ಗೊಮ್ಮಟ 1604ರಿಂದ ಎರಡೂ ಕಾಲೂರಿ ನಿಂತಿದ್ದ. ತೊಡೆಗೆ, ತೋಳಿಗೆ ಬಳ್ಳಿ, ಮುಖದಲ್ಲಿ ಕಂಡೂ ಕಾಣದ ನಗು. ನಗು ಯಾರನ್ನು ನೋಡಿ ಎಂಬ ಅನುಮಾನ ತಂಗಿಗೆ ಬಂತು.

"ಎಷ್ಟು ಎತ್ತರ?"

"35 ಅಡಿ."

ಭಾವ ಮನಸ್ಸಿನಲ್ಲೇ ಮೀಟರಿಗೆ ಇಳಿಸಿಕೊಂಡರು. "ಅಬು ಸಿಂಬೆಲಿನ ರಾಮ್ಸೆಸ್ ದೊರೆ ಕೂತೇ 20 ಮೀಟರ್ ಇದ್ದಾನೆ. ಎದ್ದು ನಿಂತರೆ?"

"ಏಳುವುದಿಲ್ಲವಲ್ಲ! ನಮ್ಮವ ರಾಜ್ಯ ಬಿಟ್ಟು ಎದ್ದು ನಿಂತವ. ನಿಮ್ಮವ ಇನ್ನೂ ಸಿಂಹಾಸನ ಬಿಟ್ಟಿಲ್ಲ."

ಅಳತೆಯ ಮಾತಿನಲ್ಲಿ ಮಾವನಿಗೆ ಮೊದಲೇ ಒಂದು ಸಂಕಟವುಂಟು. ಕಾರ್ಕಳದ 1432ರ ಗೊಮ್ಮಟ 42 ಅಡಿ. ಮೊನ್ನೆ ಮೊನ್ನೆ, 1982ರಲ್ಲಿ ಪ್ರತಿಷ್ಠೆಯಾದ ಧರ್ಮಸ್ಥಳದವನೂ 39 ಅಡಿ. ಆದ್ದರಿಂದ ಅವರು ಅಡಿಯ ಲೆಕ್ಕ ಬಿಟ್ಟು ಕತೆಗೆ ಹೊರಳಿದರು. ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದವನು ಅಜಿಲ ಅರಸು ಮನೆತನದ ತಿಮ್ಮಣ್ಣ. ಕಾರ್ಕಳದ ಭೈರರಸ ಹೊಟ್ಟೆಕಿಚ್ಚಿನಿಂದ ದಂಡು ಕಟ್ಟಿಕೊಂಡು ಬಂದನಂತೆ; ಅಜಿಲ ಮೂರ್ತಿಯನ್ನು ಫಲ್ಗುಣಿ ಹೊಳೆಯ ಹೊಯಿಗೆಯಲ್ಲಿ ಹೂತಿಟ್ಟು, ಯುದ್ಧ ಗೆದ್ದ ಮೇಲೆ ಎತ್ತಿ ನಿಲ್ಲಿಸಿದನಂತೆ. ಊರಲ್ಲಿ ಹೇಳುವ ಕತೆ ಇದು.

ಭಾವ ಸೋಲಲಿಲ್ಲ. ಆಸ್ವಾನ್ ಅಣೆಕಟ್ಟಿನ ನೀರಿಗೆ ಮುಳುಗುತ್ತದೆಂದು 1964ರಿಂದ 1968ರವರೆಗೆ ಅಬು ಸಿಂಬೆಲನ್ನು ತುಂಡು ತುಂಡಾಗಿ ಕೊಯ್ದು, 65 ಮೀಟರ್ ಮೇಲಕ್ಕೆ ಸಾಗಿಸಿ ಮತ್ತೆ ಜೋಡಿಸಿದ್ದನ್ನು ವಿವರಿಸಿದರು. ಅವರು ಹೊಳೆಯಿಂದ ಕಾಪಾಡಿದರು, ಇವರು ಹೊಳೆಯಲ್ಲೇ ಕಾಪಾಡಿದರು. ಅಷ್ಟಕ್ಕೆ ರಾಜಿಯಾಗಿ ಎಲ್ಲರೂ ಬೊಂಡ ಕುಡಿದರು.

ಮಾವನ ತುರುಪು ಮೂಡುಬಿದಿರೆಯಲ್ಲಿತ್ತು; ಎಲ್ಲರೂ ಅತ್ತ ಹೊರಟರು. "ಕರ್ನಾಕಿನಲ್ಲಿ ಕಂಬ ಎಷ್ಟು ಅಂದ್ರಿ?"

"ದೊಡ್ಡ ಸಭಾಂಗಣದಲ್ಲಿ 134. ನಡುವಿನ ಹನ್ನೆರಡು 21 ಮೀಟರ್ ಎತ್ತರ."

"ನಮ್ಮಲ್ಲಿ ಹೆಸರಲ್ಲೇ ಸಾವಿರ ಉಂಟು!"

ಸಾವಿರ ಕಂಬದ ಬಸದಿ 1430ರದ್ದು. ಹೊರಗಿನಿಂದ ಮಳೆಗಾಲಕ್ಕೆಂದೇ ಕಟ್ಟಿದ ಮೂರು ಮಾಳಿಗೆಯ ಮನೆಯ ಹಾಗಿದೆ, ಇಳಿಜಾರು ಮಾಡು ಸಮೇತ. ಒಂದು ಕಂಬದ ಹಾಗೆ ಇನ್ನೊಂದಿಲ್ಲವೆನ್ನುತ್ತಾರೆ. ಅಳಿಯ ಎಣಿಸಲು ಹೊರಟ. ಅರುವತ್ತೆರಡಕ್ಕೆ ಬಂದಾಗ ಮಾವ, "ಗೋಡೆಗೆ ಅಂಟಿದ್ದೂ ಸೇರ್ತದೆ ಮಾರಾಯ" ಎಂದರು. ಹುಡುಗ ಮೊದಲಿನಿಂದ ಶುರುಮಾಡಿದ. ಎಪ್ಪತ್ತೊಂದಕ್ಕೆ, "ಮಾಳಿಗೆಯ ಸಣ್ಣ ಕಂಬಗಳೂ" ಎಂದರು. ಹುಡುಗ ಎಣಿಕೆ ಬಿಟ್ಟು ಮಂಟಪದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಮಾವ, ಇಲ್ಲಿ ಜಿರಾಫೆ!"

ಹೌದು. ಅಧಿಷ್ಠಾನದ ಪಟ್ಟಿಕೆಯಲ್ಲಿ ಉದ್ದ ಕತ್ತಿನ ಸಾಕ್ಷಾತ್ ಜಿರಾಫೆ, ಹತ್ತಿರದಲ್ಲೇ ಚೀನಾದ ಡ್ರ್ಯಾಗನ್. ಕರಾವಳಿಯ ಮೆಣಸು ಹಡಗು ಹತ್ತಿ ಹೋಗುತ್ತಿದ್ದ ಕಾಲದಲ್ಲಿ ಹಡಗು ಬರಿದೇ ವಾಪಸು ಬರುತ್ತಿರಲಿಲ್ಲ. ಪ್ರಾಣಿಯಲ್ಲದಿದ್ದರೆ ಪ್ರಾಣಿಯ ಸುದ್ದಿಯಾದರೂ ಬರುತ್ತಿತ್ತು. ಭಾವ ಫೋನು ತೆಗೆದು ಈಜಿಪ್ಟಿನ ಚಿತ್ರಗಳನ್ನೆಲ್ಲ ಹಿಂದೆ ಮುಂದೆ ಸರಿಸಿ ನೋಡಿದರು. ಆಫ್ರಿಕಾಕ್ಕೇ ಹೋಗಿ ಬಂದಿದ್ದರೂ ಒಂದೇ ಒಂದು ಜಿರಾಫೆ ಸಿಗಲಿಲ್ಲ.

ಗೆದ್ದವರು ಮಾವ. ಆದರೆ ಮಾತೇ ಹೊರಡದು. ಐವತ್ತು ವರ್ಷದಿಂದ ಮದುವೆಗೆ, ಮುಂಜಿಗೆ, ಅಡಿಕೆ ಮಾರಲಿಕ್ಕೆ ಮೂಡುಬಿದಿರೆಗೆ ಬಂದು ಹೋಗಿದ್ದಾರೆ. ಈ ಪ್ರಾಣಿಯನ್ನು ಕಂಡದ್ದು ಇವತ್ತೇ. ಪಂಚೆ ಎತ್ತಿಕಟ್ಟಿ ಅಳಿಯನ ಪಕ್ಕದಲ್ಲಿ ಕೂತು, ಕಲ್ಲಿನ ಕತ್ತಿನುದ್ದಕ್ಕೂ ಕಣ್ಣಾಡಿಸಿದರು.

ಅಷ್ಟರಲ್ಲಿ ಅತ್ತೆಯ ಫೋನು. ಊಟ ತಣ್ಣಗಾಗುತ್ತಿದೆಯಂತೆ.

"ಸ್ವಲ್ಪ ತಡ ಆಗ್ತದೆ," ಎಂದರು ಮಾವ ಮೆಲ್ಲಗೆ. "ಇಲ್ಲೊಂದು ಜಿರಾಫೆ ಸಿಕ್ಕಿದೆ."